ಅಪ್ಪಗ ಬಾಯಿ ಕ್ಯಾನ್ಸರ್ ಅಂದಾರ, ಮುಂದೇನು?

ನಮ್ಮಪ್ಪನ ಟ್ರೀಟ್ಮೆಂಟ್ ಮುಗಿದಾಗಿಂದ ನನಗೊಂದು ಹೊಸ ಕೆಲಸ ಹತ್ತೈತಿ. ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಬೀಗರ ಪೈಕಿ ಇರಲಿ ಗೆಳೆಯರ ಪೈಕಿ ಇರಲಿ, ಯಾರ ಮನ್ಯಾಗ ಬಾಯಾಗ ಗಡ್ಡಿ ಅಂದ್ರೂ ಫೋನ್ ನನಗ ಬರ್ತೈತಿ. "ಬಯಾಪ್ಸಿ ಮಾಡಿಸ್ರಿ ಅಂದಾರೋ, ಮಾಡಿಸಿದ್ರ ಹಬ್ಬತೈತಂತಲ್ಲ ಖರೇನಾ?", "ಸ್ಟೇಜ್ ನಾಕು ಅಂತ ಬರದಾರ, ಇನ್ನ ಬೆಂಗಳೂರಿಗೆ ಒಯ್ದು ಏನ್ ಉಪಯೋಗ?", "ಮೂಗಿನ್ಯಾಗ ಪೈಪ್ ಹಾಕ್ಯಾರ, ಅದ್ರಾಗ ಜ್ವಾಳದ ಗಂಜಿ ಹಾಕಬೋದಾ?" ಹಿಂಗ. ಪ್ರಶ್ನಿ ಬಹಳಷ್ಟು ಅವೇ ಇರ್ತಾವ, ಅದಕ್ಕ ಒಂದೇ ಕಡೆ ಕುಂತು ಬರ್ದುಬಿಡೋಣ ಅಂತ.

ನಾನು ಡಾಕ್ಟರ್ ಅಲ್ಲ. ಇಲ್ಲಿ ಬರ್ದಿರೋದು ಬಾಯಿ ಕ್ಯಾನ್ಸರಿನ ಟ್ರೀಟ್ಮೆಂಟ್ ಸಾಮಾನ್ಯವಾಗಿ ಹೆಂಗ ನಡೀತೈತಿ ಅನ್ನೋದು, ನಿಮ್ಮ ಅಪ್ಪಗ ಏನು ಅನ್ನೋದು ಅವರ ಫೈಲ್ ನೋಡಿದ ಡಾಕ್ಟರೇ ಹೇಳಬೇಕು. ಆದ್ರ ಒಂದು ಮಾತು ಮೊದಲೇ ಹೇಳ್ತೀನಿ. ಈ ಟ್ರೀಟ್ಮೆಂಟ್ ಅನ್ನೋದು ಒಂದರ ಹಿಂದ ಒಂದು ಬರೋ ಕೆಲಸ, ಟೆಸ್ಟು, ಆಪರೇಷನ್, ಕರೆಂಟು (ಅಂದ್ರ ರೇಡಿಯೇಷನ್), ಕೆಲವರಿಗೆ ಕೀಮೋ, ಎಲ್ಲಾಕ್ಕೂ ಒಂದು ಟೈಮ್ ಐತಿ. ಆಪರೇಷನ್ ಡಾಕ್ಟರ್ ಮಾಡ್ತಾರ, ನಡುವ ಗ್ಯಾಪ್ ಬೀಳದಂಗ ನೋಡ್ಕೊಳ್ಳೋದು ಮನಿಮಂದಿ ಕೆಲಸ. ಮುಂದ ಓದೋದೆಲ್ಲಾ ಇದರ ಸುತ್ತಾನ ಐತಿ.

ಹುಣ್ಣು ಯಾವಾಗ ಬರೀ ಹುಣ್ಣಲ್ಲ

ಬಾಯಿ ಒಳಗಿನ ತೊಗಲು ದಿನಾ ಸವೀತೈತಿ, ದಿನಾ ಹೊಸದು ಬರ್ತೈತಿ. ಒಂದು ಜೀವಕೋಶ ಎರಡಾಗ್ತೈತಿ, ಹಳೇದು ಉದುರಿ ಹೋಗ್ತೈತಿ, ಎಷ್ಟು ಬೆಳೀಬೇಕು ಎಲ್ಲಿ ನಿಲ್ಲಬೇಕು ಅನ್ನೋ ಲೆಕ್ಕ ಆ ಕೋಶದ ಒಳಗೇ ಇರ್ತೈತಿ. ತಂಬಾಕು, ಸುಣ್ಣ, ಅಡಿಕಿ ಎಲ್ಲಾ ಕೂಡಿಸಿ ವರ್ಷಾನುಗಟ್ಟಲೆ ಒಂದೇ ದವಡಿಯಾಗ ಇಟ್ಕೊಂಡ್ರ ಅಲ್ಲಿನ ಕೋಶಗಳ ಲೆಕ್ಕ ಕೆಡ್ತೈತಿ, ನಿಲ್ಲದಂಗ ಬೆಳ್ಕೊಂತ ಹೋಗ್ತಾವ, ಪಕ್ಕದ ಮಾಂಸ ಎಲುಬಿನ ಒಳಗ ನುಗ್ತಾವ. ಕ್ಯಾನ್ಸರ್ ಅಂದ್ರ ಅಷ್ಟೇ. ರಿಪೋರ್ಟಿನ್ಯಾಗ 'ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ' ಅಂತ ಬರ್ದಿರ್ತೈತಿ, ಬಾಯಿ ಕ್ಯಾನ್ಸರಿನ್ಯಾಗ ಬಹಳಷ್ಟು ಇದೇ ಇರ್ತೈತಿ, ಹೆಸರು ನೋಡಿ ಇದು ಯಾವುದೋ ಬ್ಯಾರೆ ರೋಗ ಅನ್ಕೊಬ್ಯಾಡ್ರಿ.

"ನಮ್ಮಪ್ಪ ಗುಟ್ಕಾ ತಿನ್ನಂಗಿಲ್ಲ, ಬರೀ ಅಡಿಕಿ" ಅನ್ನೋರು ಬಹಳ ಮಂದಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಾಗ ಹೊರಗ ಹಾಕಿದ ವರದಿಯಾಗ ತಂಬಾಕು ಇಲ್ಲದ ಬರೀ ಅಡಿಕೀನೂ ಮನುಷ್ಯರಿಗೆ ಕ್ಯಾನ್ಸರ್ ತರೋ ಪಟ್ಟಿಗೆ ಸೇರಿಸೈತಿ. ಇನ್ನ ಗುಟ್ಕಾ ಅಂದ್ರ ಕರ್ನಾಟಕದಾಗ 2013ರಾಗೇ ಬಂದ್ ಆಗೈತಿ, ಆದ್ರ ಪಾನ್ ಮಸಾಲಾದ ಚೀಟಿ ಒಂದು, ತಂಬಾಕಿನ ಚೀಟಿ ಒಂದು, ಎರಡೂ ಜೋಡಿ ಮಾರ್ತಾರ, ತಗೊಂಡೋರು ಅಂಗೈಯಾಗ ಕೂಡಿಸ್ಕೊಂತಾರ. ಯಾವ ಚಟಾನೂ ಇಲ್ಲದವರಿಗೂ ಒಮ್ಮೊಮ್ಮೆ ಈ ರೋಗ ಬರ್ತೈತಿ, ಅದಕ್ಕ ಮನ್ಯಾಗ "ನೀನ ತಂದ್ಕೊಂಡಿ" ಅಂತ ಜಗಳ ಮಾಡೋದ್ರಾಗ ಏನೂ ಹುರುಳಿಲ್ಲ.

ಯಾವಾಗ ತೋರಿಸ್ಬೇಕು? ಎರಡು ಮೂರು ವಾರ ಆದ್ರೂ ಮಾಯದ ಹುಣ್ಣು, ಕೆನ್ನಿ ಒಳಗ ಇಲ್ಲಾ ನಾಲಿಗಿ ಅಂಚಿನ್ಯಾಗ ಬಿಳಿ ಇಲ್ಲಾ ಕೆಂಪು ಮಚ್ಚಿ, ಕಾರಣ ಇಲ್ಲದ ಹಲ್ಲು ಅಲುಗಾಡೋದು, ಕುತ್ತಿಗಿಯಾಗ ಗಂಟು, ಬಾಯಿ ಮೊದಲಿನಂಗ ತೆರೀಲಾರದು. ತಮ್ಮ ಮೂರು ಬೆರಳು ಒಂದರ ಮ್ಯಾಲ ಒಂದು ನಿಲ್ಲಿಸಿ ಬಾಯಾಗ ಇಡಾಕ ಬರ್ಲಿಲ್ಲ ಅಂದ್ರ ತೋರಿಸಲೇಬೇಕು. ನೋವು ಇಲ್ಲಲ್ಲ ಅಂತ ಸುಮ್ನಿರೋದೇ ಮೋಸ, ಶುರುವಿನ್ಯಾಗ ಇದು ನೋಯದೇ ಇರಬೋದು.

ಬಯಾಪ್ಸಿ: ಚಾಕು ತಾಗಿದ್ರ ಹಬ್ಬತೈತಾ?

ಇಲ್ಲ. ಹುಣ್ಣಿನ ಅಂಚಿಂದ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ತುಣುಕು ತಗೊಂತಾರ, ಆ ಜಾಗಕ್ಕ ಸೂಜಿ ಕೊಟ್ಟು ಜೋಮು ಹಿಡಿಸಿರ್ತಾರ, ಅದನ್ನ ಲ್ಯಾಬಿನ್ಯಾಗ ಮೈಕ್ರೋಸ್ಕೋಪ್ ಕೆಳಗ ನೋಡ್ತಾರ. ಅದರಿಂದ ರೋಗ ಹಬ್ಬಂಗಿಲ್ಲ. ಹಬ್ಬೋದು ಯಾವಾಗ ಅಂದ್ರ ಬಯಾಪ್ಸಿಗೆ ಹೆದರಿ ಮೂರು ತಿಂಗಳು ನಾಟಿ ಔಷಧಿ ಹಚ್ಕೊಂಡು ಕುಂತಾಗ, ಆಮ್ಯಾಲ ಬಯಾಪ್ಸಿ ಮಾಡಿಸಿದ್ರ ಗಡ್ಡಿ ದೊಡ್ಡದಾಗಿರ್ತೈತಿ, ಊರಾಗ ಮಂದಿ "ನೋಡು, ಚಾಕು ತಾಗಿದ್ದಕ್ಕ ಹಬ್ಬಿತು" ಅಂತಾರ. ಈ ಮಾತು ಹುಟ್ಟಿದ್ದೇ ಹಿಂಗ ಅಂತ ನನಗ ಅನಸ್ತೈತಿ.

ಬಯಾಪ್ಸಿ ರಿಪೋರ್ಟ್ ಬರಾಕ ಸ್ವಲ್ಪ ದಿನ ಬೇಕು. ಆ ದಿನ ಖಾಲಿ ಬಿಡಬ್ಯಾಡ್ರಿ, ರೇಷನ್ ಕಾರ್ಡು ಆಧಾರಿನ ಕೆಲಸ ಅವಾಗಲೇ ಮಾಡ್ಕೊಂಡುಬಿಡ್ರಿ, ಯಾಕ ಅಂತ ಮುಂದ ಹೇಳ್ತೀನಿ.

ಸ್ಟೇಜ್ 4 ಅಂದ್ರ ಮುಗೀತು ಅಂತಲ್ಲ

ಇದು ಬಹಳ ಮಂದಿ ತಪ್ಪು ತಿಳ್ಕೊಂಡು ಅಪ್ಪನ್ನ ವಾಪಸ್ ಮನಿಗೆ ಕರ್ಕೊಂಡು ಬರೋ ಜಾಗ, ಅದಕ್ಕ ನಿಧಾನಕ್ಕ ಓದ್ರಿ.

ರಿಪೋರ್ಟಿನ್ಯಾಗ ಎರಡು ಬ್ಯಾರೆ ಬ್ಯಾರೆ ಸಂಗತಿ ಇರ್ತಾವ. ಒಂದು ಗ್ರೇಡ್, ಅಂದ್ರ ಮೈಕ್ರೋಸ್ಕೋಪಿನ್ಯಾಗ ಆ ಕೋಶಗಳು ಎಷ್ಟು ಕೆಟ್ಟು ಕಾಣ್ತಾವ ಅನ್ನೋದು. ಇನ್ನೊಂದು ಸ್ಟೇಜ್, ಅಂದ್ರ ರೋಗ ಎಲ್ಲಿಗೆ ಮುಟ್ಟೈತಿ ಅನ್ನೋದು. ಸ್ಟೇಜ್ ತಿಳ್ಯಾಕ ಸಿಟಿ ಸ್ಕ್ಯಾನ್ ಇಲ್ಲಾ ಎಂಆರ್‌ಐ ಮಾಡ್ತಾರ, ಎದೀದೂ ನೋಡ್ತಾರ. ಡಾಕ್ಟರ್ ಮೂರು ಅಕ್ಷರ ಬರೀತಾರ: ಟಿ ಅಂದ್ರ ಗಡ್ಡಿ ಎಷ್ಟು ದೊಡ್ಡದು ಎಷ್ಟು ಆಳ ಹೋಗೈತಿ, ಎನ್ ಅಂದ್ರ ಕುತ್ತಿಗಿ ಗಂಟಿಗೆ ಮುಟ್ಟೈತಾ, ಎಂ ಅಂದ್ರ ದೂರದ ಅಂಗಕ್ಕ, ಪುಪ್ಪುಸಕ್ಕೋ ಲಿವರಿಗೋ ಹೋಗೈತಾ. ಈ ಮೂರೂ ಕೂಡಿಸಿ 1ರಿಂದ 4ರ ತನಕ ನಂಬರ್ ಕೊಡ್ತಾರ.

ಬಾಯಿ ಕ್ಯಾನ್ಸರಿನ್ಯಾಗ 4ನೇ ಸ್ಟೇಜ್ ಅನ್ನೋದು ಒಂದಲ್ಲ, 4ಎ, 4ಬಿ, 4ಸಿ ಅಂತ ಮೂರು ಅದಾವ. ದವಡಿ ಎಲುಬಿಗೆ ಹತ್ತೈತಿ ಅಂದ್ರೂ, ಕುತ್ತಿಗಿಯಾಗ ಒಂದಕ್ಕಿಂತ ಹೆಚ್ಚು ಗಂಟು ಅದಾವ ಅಂದ್ರೂ 4ಎ ಆಗಬೋದು, ಅದನ್ನ ಡಾಕ್ಟರ್‌ಗಳು ಗುಣ ಮಾಡೋ ಉದ್ದೇಶದಿಂದಾನ ಆಪರೇಷನ್ ಮಾಡ್ತಾರ. ದೂರಕ್ಕ ಹೋಗೈತಿ ಅನ್ನೋದು 4ಸಿ. ಹಂಗಾಗಿ ಬರೀ ನಾಕು ಅನ್ನೋ ನಂಬರ್ ನೋಡಿ ನಿರ್ಧಾರ ಮಾಡಬ್ಯಾಡ್ರಿ. ಡಾಕ್ಟರ್ ಮುಂದ ಕುಂತಾಗ ಒಂದೇ ಪ್ರಶ್ನಿ ಕೇಳ್ರಿ: "ಸರ್, ಇದು ಗುಣ ಮಾಡಾಕ ಕೊಡೋ ಟ್ರೀಟ್ಮೆಂಟಾ, ಇಲ್ಲಾ ನೋವು ಕಡಿಮಿ ಮಾಡಿ ಚೊಲೊ ಇಡಾಕ ಕೊಡೋದಾ?" ಎರಡೂ ಟ್ರೀಟ್ಮೆಂಟೇ, ಎರಡಕ್ಕೂ ಬೆಲಿ ಐತಿ, ಆದ್ರ ಹೊಲ ಮಾರೋದು ಸಾಲ ಮಾಡೋದು ನಿರ್ಧಾರ ಮಾಡೋಕಿಂತ ಮೊದಲು ಮನಿಮಂದಿಗೆ ಈ ಉತ್ತರ ಗೊತ್ತಿರಬೇಕು.

ಗಡ್ಡಿ ಕೆನ್ನಿಯಾಗ, ಕುತ್ತಿಗಿ ಯಾಕ ಕೊಯ್ತಾರ

ಬಾಯಿ ಕ್ಯಾನ್ಸರಿಗೆ ಬಹಳ ಮಂದಿಗೆ ಮೊದಲ ಟ್ರೀಟ್ಮೆಂಟ್ ಆಪರೇಷನ್ನೇ. ಗಡ್ಡಿ ಅಷ್ಟೇ ಅಲ್ಲ, ಅದರ ಸುತ್ತ ಸ್ವಲ್ಪ ಚೊಲೊ ಮಾಂಸಾನೂ ಸೇರಿಸಿ ತೆಗೀತಾರ, ಅಂಚಿನ್ಯಾಗ ಏನೂ ಉಳಿಬಾರದು ಅಂತ. ಅದರ ಜೊತಿಗೆ ಕುತ್ತಿಗಿ ಗಂಟುಗಳನ್ನೂ ತೆಗೀತಾರ, ಇದನ್ನ ಕೇಳಿದ ಕೂಡಲೇ ಮನ್ಯಾಗ ಎಲ್ಲಾರೂ ಗಾಬರಿ ಆಗ್ತಾರ.

ನಮ್ಮ ಎಡದಂಡಿ ಕಾಲುವಿ ನೋಡಿದೋರಿಗೆ ಇದು ಬೇಗ ತಿಳೀತೈತಿ. ಮ್ಯಾಲಿನವರ ಗದ್ದ್ಯಾಗಿನ ಕಸದ ಬೀಜ ನೀರಿನ ಸಂಗಾಟ ಹರ್ಕೊಂಡು ಬಂದು ಕೆಳಗಿನವರ ತೂಬಿನ ಹತ್ರ ನಿಂದರ್ತೈತಿ, ಅಲ್ಲೇ ಮೊಳಕಿ ಒಡೀತೈತಿ. ಬಾಯಿಂದ ಕುತ್ತಿಗಿಗೆ ಹಂಗೇ ಸಣ್ಣ ಸಣ್ಣ ನಾಳ ಅದಾವ, ಅವುಗಳ ನಡುವ ಇರೋ ತೂಬೇ ಈ ಗಂಟು. ಬಾಯಿಂದ ಹೊರಟ ಕ್ಯಾನ್ಸರ್ ಕೋಶ ಮೊದಲು ಬಂದು ಕೂಡೋದು ಅಲ್ಲೇ. ಸ್ಕ್ಯಾನಿನ್ಯಾಗ ಕಾಣದಷ್ಟು ಸಣ್ಣದಿದ್ರೂ ಇರಬೋದು.

ಮೊದಲು ಗಂಟು ಕಾಣಲಿಲ್ಲ ಅಂದ್ರ ಬಿಟ್ಟು, ಮುಂದ ಕಂಡಾಗ ತೆಗೆಯೋಣ ಅನ್ನೋ ಪದ್ಧತೀನೂ ಇತ್ತು. ಮುಂಬೈ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಎರಡೂ ರೀತಿ ಹೋಲಿಸಿ 2015ರಾಗ ಫಲಿತಾಂಶ ಕೊಟ್ರು: ಶುರುವಿನ ಹಂತದ ಬಾಯಿ ಕ್ಯಾನ್ಸರಿನ್ಯಾಗ ಮೊದಲೇ ಕುತ್ತಿಗಿ ಗಂಟು ತೆಗೆದವರೊಳಗ ಮೂರು ವರ್ಷದ ಮ್ಯಾಲೂ ಬದುಕಿದ್ದೋರು ನೂರಕ್ಕ 80, ಆಮ್ಯಾಲ ತೆಗೆಯೋಣ ಅಂತ ಕಾದವರೊಳಗ 67.5. ನಮ್ಮ ದೇಶದಾಗ ನಮ್ಮಂಥ ಪೇಷಂಟುಗಳ ಮ್ಯಾಲೇ ಮಾಡಿದ ಕೆಲಸ ಇದು. ಕುತ್ತಿಗಿ ಯಾಕ ಕೊಯ್ತಾರ ಅನ್ನೋದಕ್ಕ ಇದಕ್ಕಿಂತ ದೊಡ್ಡ ಉತ್ತರ ಬೇಕಾ.

ತೆಗೆದ ಜಾಗ ದೊಡ್ಡದಿದ್ರ ಎದಿ, ಮುಂಗೈ ಇಲ್ಲಾ ತೊಡಿಯಿಂದ ಮಾಂಸ ತೊಗಲು ತಂದು ತುಂಬ್ತಾರ, ದವಡಿ ಎಲುಬು ತೆಗೆದಿದ್ರ ಕಾಲಿನ ಸಣ್ಣ ಎಲುಬು ತಂದು ಕೂಡಸ್ತಾರ. ಐಸಿಯು ಇಂದ ಹೊರಗ ಬಂದಾಗ ಮುಖ ಬಾತು, ಕುತ್ತಿಗಿಯಾಗ ಪೈಪು, ಕೆಲವರಿಗೆ ಗಂಟಲಾಗ ಉಸಿರಾಟಕ್ಕ ತೂತು, ಮಾತಿಲ್ಲ. ಸಣ್ಣ ಹುಡುಗ್ರನ್ನ ಅವತ್ತೇ ಕರ್ಕೊಂಡು ಹೋಗಬ್ಯಾಡ್ರಿ. ಒಂದು ಪಾಟಿ ಬಳಪ ಇಲ್ಲಾ ನೋಟ್‌ಬುಕ್ ಪೆನ್ನು ಕೈಯಾಗ ಕೊಡ್ರಿ, ಓದು ಬರ್ದೇ ಇದ್ದೋರಿಗೆ ನೀರು, ನೋವು, ಒಂದಕ್ಕ, ಫ್ಯಾನು ಅಂತ ನಾಕು ಚಿತ್ರ ಬರ್ದು ಕೊಟ್ರೂ ಆತು, ಬೆರಳಿಟ್ಟು ತೋರಸ್ತಾರ. ನಮ್ಮಪ್ಪ ಮೊದಲು ಬರ್ದಿದ್ದು "ಗದ್ದಿಗೆ ನೀರು ಬಿಟ್ರಾ" ಅಂತ.

ಗಂಟು ತೆಗೆದ ಕಡೆ ಭುಜ ಜೋತು ಬೀಳಬೋದು, ಕೈ ಮ್ಯಾಲ ಎತ್ತಾಕ ಆಗಂಗಿಲ್ಲ. ಕುತ್ತಿಗಿಯಾಗ ಹಾದು ಹೋಗೋ ಒಂದು ನರಕ್ಕ ಪೆಟ್ಟು ಬಿದ್ದಿರ್ತೈತಿ, ಅದಕ್ಕ. ಫಿಸಿಯೋಥೆರಪಿ ಹೇಳಿಕೊಟ್ಟಿರ್ತಾರ, ದಿನಾ ಮಾಡಿಸ್ರಿ.

ಕರೆಂಟು ಕೊಡೋದು: ಯಾಕ ಇಷ್ಟು ಅವಸರ

ಆಪರೇಷನ್ ಆಗಿ ತೆಗೆದ ಮಾಂಸದ ರಿಪೋರ್ಟ್ ಬಂದ ಮ್ಯಾಲ ರೇಡಿಯೇಷನ್ ಬೇಕಾ ಇಲ್ಲಾ ಅನ್ನೋದು ಗೊತ್ತಾಗ್ತೈತಿ. ಗಡ್ಡಿ ದೊಡ್ಡದಿದ್ರ, ಗಂಟಿಗೆ ಮುಟ್ಟಿದ್ರ ಕೊಡ್ತಾರ. ಅಂಚಿನ್ಯಾಗ ರೋಗ ಉಳಿದಿದ್ರ, ಇಲ್ಲಾ ಗಂಟು ಒಡ್ಕೊಂಡು ಹೊರಗ ಬಂದಿದ್ರ ರೇಡಿಯೇಷನ್ ಜೊತಿಗೇ ಕೀಮೋನೂ ಸೇರಸ್ತಾರ.

ಆಪರೇಷನ್ ಆದ ದಿನದಿಂದ ಆರು ವಾರದೊಳಗ ರೇಡಿಯೇಷನ್ ಶುರು ಆಗಬೇಕು ಅನ್ನೋದು ಡಾಕ್ಟರ್‌ಗಳ ಲೆಕ್ಕ. ಬಹಳ ಮನ್ಯಾಗ ಗ್ಯಾಪ್ ಬೀಳೋದು ಇಲ್ಲೇ ನೋಡ್ರಿ. ಗಾಯ ಮಾದಿರ್ತೈತಿ, ಅಪ್ಪ ಮನಿಗೆ ಬಂದಿರ್ತಾರ, ಊಟ ಶುರು ಆಗಿರ್ತೈತಿ, ಎಲ್ಲಾರಿಗೂ "ತೆಗೆದಾರಲ್ಲ, ಆತು ಬಿಡು" ಅನಸ್ತೈತಿ, ಅದರಾಗ ನಾಟಿ ಸೀಸನ್ ಬಂದಿರ್ತೈತಿ ಇಲ್ಲಾ ಮದವಿ ಗೊತ್ತಾಗಿರ್ತೈತಿ, ಕೈಯಾಗಿನ ರೊಕ್ಕ ಖಾಲಿ. ಮುಂದಿನ ತಿಂಗಳು ಹೋದ್ರಾತು ಅಂತಾರ. ಕಣ್ಣಿಗೆ ಕಾಣದೇ ಉಳಿದ ಕೋಶಗಳಿಗೆ ಆ ತಿಂಗಳೇ ಸಾಕು. ಅದಕ್ಕ ಆಪರೇಷನ್ ಮಾಡಿದ ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗೋ ದಿನಾನೇ ಕೇಳ್ರಿ, ರಿಪೋರ್ಟ್ ಯಾವತ್ತು ಬರ್ತೈತಿ, ರೇಡಿಯೇಷನ್ ಡಾಕ್ಟರ್‌ನ ಯಾವತ್ತು ನೋಡಬೇಕು, ಮಷಿನ್ನಿಗೆ ಕ್ಯೂ ಎಷ್ಟು ಐತಿ.

ರೇಡಿಯೇಷನ್ ಸಾಮಾನ್ಯವಾಗಿ ವಾರಕ್ಕ ಐದು ದಿನ, ಒಟ್ಟು 30ರಿಂದ 33 ಸಲ, ಅಂದ್ರ ಆರು ವಾರದ ಮ್ಯಾಲ. ಶುರು ಮಾಡೋಕಿಂತ ಮೊದಲು ಹಲ್ಲಿನ ಡಾಕ್ಟರ್ ಕಡೆ ಕಳಸ್ತಾರ, ಹುಳುಕಲ್ಲು ಮೊದಲೇ ಕಿತ್ತು ಗಾಯ ಮಾಯಾಕ ಸುಮಾರು ಎರಡು ವಾರ ಬಿಡ್ತಾರ. ಇದು ಬ್ಯಾಡದ ಖರ್ಚು ಅನ್ಕೊಬ್ಯಾಡ್ರಿ, ರೇಡಿಯೇಷನ್ ಆದ ದವಡಿಯಾಗ ಹಲ್ಲು ಕಿತ್ರ ಎಲುಬು ಮಾಯದೇ ಕೊಳೆಯೋ ಸಾಧ್ಯತಿ ಇರ್ತೈತಿ.

ಆಮ್ಯಾಲ ಮಾಸ್ಕ್ ಮಾಡ್ತಾರ. ಒಂದು ಪ್ಲಾಸ್ಟಿಕ್ ಜಾಳಿಗಿ ಹಾಳಿ ಬಿಸಿನೀರಿನ್ಯಾಗ ಎದ್ದಿ ಮೆತ್ತಗ ಆದ ಮ್ಯಾಲ ಮುಖದ ಮ್ಯಾಲ ಒತ್ತಿ ಹಿಡೀತಾರ, ಕೆಲವು ನಿಮಿಷದಾಗ ಗಟ್ಟಿ ಆಗಿ ಅಪ್ಪನ ಮುಖದ ಅಚ್ಚೇ ಆಗ್ತೈತಿ. ದಿನಾ ಅದನ್ನ ಹಾಕಿ ಟೇಬಲ್ಲಿಗೆ ಬಿಗೀತಾರ, ಒಂದು ಕೂದಲೆಳಿಯಷ್ಟೂ ಅಲುಗಬಾರದು ಅಂತ. ಒಳಗ ಒಬ್ಬರೇ ಇರ್ತಾರ, ಹೊರಗಿಂದ ಕ್ಯಾಮರಾದಾಗ ನೋಡ್ತಿರ್ತಾರ, ಕೈ ಎತ್ತಿದ್ರ ಬಂದು ಬಿಚ್ತಾರ. ಮೊದಲೇ ಇದೆಲ್ಲಾ ಹೇಳಿ ಕಳಿಸಿದ್ರ ಹೆದರಿಕಿ ಅರ್ಧ ಕಡಿಮಿ. ಆ ಕ್ಷಣ ನೋವು ಏನೂ ಇರಂಗಿಲ್ಲ. ಮತ್ತ ಈ ಹೊರಗಿನ ಮಷಿನ್ ರೇಡಿಯೇಷನ್ ತಗೊಂಡೋರ ಮೈಯಾಗ ಏನೂ ಉಳಿಯಂಗಿಲ್ಲ, ಮೊಮ್ಮಗ ತೊಡಿ ಮ್ಯಾಲ ಕುಂತ್ರೂ ಏನೂ ಆಗಂಗಿಲ್ಲ. ಕ್ಯಾನ್ಸರ್ ಅಂಟುರೋಗಾನೂ ಅಲ್ಲ, ಅಪ್ಪಗ ಬ್ಯಾರೆ ತಾಟು ಬ್ಯಾರೆ ಲೋಟ ಇಡೋದು ದಯಮಾಡಿ ಬಿಡ್ರಿ.

ಎರಡನೇ ಮೂರನೇ ವಾರದಿಂದ ಕಷ್ಟ ಶುರು. ಬಾಯೆಲ್ಲಾ ಹುಣ್ಣು, ನುಂಗಾಕ ಆಗಂಗಿಲ್ಲ, ರುಚಿ ಇಲ್ಲ, ಜೊಲ್ಲು ಅಂಟಂಟು ಆಗಿ ಆಮ್ಯಾಲ ಒಣಗ್ತೈತಿ, ಕುತ್ತಿಗಿ ತೊಗಲು ಕಪ್ಪಾಗಿ ಸುಲೀತೈತಿ. ಇದು ರೋಗ ಹೆಚ್ಚಾಗಿದ್ದಲ್ಲ, ಟ್ರೀಟ್ಮೆಂಟಿನ ಪರಿಣಾಮ, ಮುಗಿದ ಮ್ಯಾಲ ಕೆಲವು ವಾರದಾಗ ಹುಣ್ಣು ಮಾಯ್ತಾವ. ಆದ್ರ ಸರಿಯಾಗಿ ನಾಲ್ಕನೇ ವಾರದ ಹೊತ್ತಿಗೆ "ಸಾಕ್ ಮಾಡ್ರಿ, ನಾನು ಮನಿಗೆ ಬರ್ತೀನಿ" ಅಂತಾರ ಅಪ್ಪಂದಿರು, ಮತ್ತ ಸರಿಯಾಗಿ ಆ ಹೊತ್ತಿಗೇ ಉಳಿದ ಕ್ಯಾನ್ಸರ್ ಕೋಶಗಳು ಮೊದಲಿಗಿಂತ ಜೋರು ಬೆಳ್ಯಾಕ ಶುರು ಮಾಡ್ತಾವ. ನಡುವ ಬಿಟ್ಟು ಆಮ್ಯಾಲ ಮತ್ತ ಶುರು ಮಾಡಿದ್ರ ಲೆಕ್ಕ ಸರಿ ಹೋಗಂಗಿಲ್ಲ. ಒಂದು ದಿನ ಎರಡು ದಿನ ತಪ್ಪಿದ್ರೂ ಡಾಕ್ಟರಿಗೆ ಹೇಳ್ರಿ, ಹೆಂಗ ತುಂಬಿಕೊಡ್ಬೇಕು ಅನ್ನೋದು ಅವರು ನೋಡ್ತಾರ.

ದಿನಾ ಆರೆಂಟು ಸಲ ಬಾಯಿ ಮುಕ್ಕಳಿಸ್ಬೇಕು. ಒಂದು ಲೀಟರ್ ಕಾಸಿ ಆರಿಸಿದ ನೀರಿಗೆ ಒಂದು ಸಣ್ಣ ಚಮಚ ಉಪ್ಪು, ಒಂದು ಸಣ್ಣ ಚಮಚ ಅಡುಗಿ ಸೋಡಾ. ಅಂಗಡಿಯಾಗ ಸಿಗೋ ಉರಿಯೋ ಮೌತ್‌ವಾಶ್ ಬ್ಯಾಡ. ಕುತ್ತಿಗಿಗೆ ಅರಿಷಿಣ, ಬಾಮು, ಎಣ್ಣಿ ಏನೂ ಹಚ್ಚಬ್ಯಾಡ್ರಿ, ಬ್ಲೇಡಿನ್ಯಾಗ ಗಡ್ಡ ಕೆರೀಬ್ಯಾಡ್ರಿ, ನಮ್ಮ ರಾಯಚೂರು ಬಳ್ಳಾರಿ ಬಿಸಿಲಿನ್ಯಾಗ ಹೊರಗ ಹೋಗೋದಿದ್ರ ಮೆತ್ತನ ಹತ್ತಿ ಟವಲ್ ಹಾಕ್ರಿ.

ನೋವಿನ ಗುಳಿಗಿ ಬಗ್ಗೆ ಒಂದು ಮಾತು. ಡಾಕ್ಟರ್ ಮಾರ್ಫಿನ್ ಬರೆದ್ರ "ಚಟ ಹತ್ತತೈತಿ" ಅಂತ ಮುಚ್ಚಿಡಬ್ಯಾಡ್ರಿ. ಕ್ಯಾನ್ಸರ್ ನೋವಿಗೆ ಡಾಕ್ಟರ್ ಹೇಳಿದಷ್ಟು ತಗೊಂಡ್ರ ಅದು ಔಷಧಿ, ಪೇಷಂಟಿಗೆ ಸಿಗಾಕ ಅನುಕೂಲ ಆಗಲಿ ಅಂತಾನೇ 2014ರಾಗ ಕಾನೂನೂ ತಿದ್ಯಾರ. ಮಲಬದ್ಧತಿ ಆಗ್ತೈತಿ, ಅದಕ್ಕೂ ಔಷಧಿ ಕೇಳ್ರಿ. ನೋವು ಕಡಿಮಿ ಇದ್ರ ನುಂಗ್ತಾರ, ನುಂಗಿದ್ರ ತೂಕ ನಿಲ್ತೈತಿ, ತೂಕ ನಿಂತ್ರ ಟ್ರೀಟ್ಮೆಂಟ್ ನಿಲ್ಲಂಗಿಲ್ಲ.

ಕೀಮೋ

ಬಾಯಿ ಕ್ಯಾನ್ಸರಿನ್ಯಾಗ ರೇಡಿಯೇಷನ್ ಜೊತಿಗೆ ಕೊಡೋದು ಹೆಚ್ಚಾಗಿ ಸಿಸ್‌ಪ್ಲಾಟಿನ್ ಅನ್ನೋ ಔಷಧಿ, ವಾರಕ್ಕೊಮ್ಮೆ ಇಲ್ಲಾ ಮೂರು ವಾರಕ್ಕೊಮ್ಮೆ, ಸಲೈನಿನ್ಯಾಗ. ಇದು ರೇಡಿಯೇಷನ್ನಿನ ಕೆಲಸ ಇನ್ನೂ ಗಟ್ಟಿ ಮಾಡ್ತೈತಿ. ಕಿಡ್ನಿಗೆ ಭಾರ ಬೀಳ್ತೈತಿ, ಅದಕ್ಕ ಪ್ರತಿ ಸಲ ರಕ್ತ ಪರೀಕ್ಷಿ ಮಾಡಿ ಕ್ರಿಯಾಟಿನಿನ್ ನೋಡ್ತಾರ, ನೀರು ಹೆಚ್ಚು ಕುಡಸ್ರಿ ಅಂತಾರ. ಕಿವಿಯಾಗ ಗುಂಯ್ ಅಂದ್ರ ಹೇಳ್ರಿ. ಈ ಹೊತ್ತಿನ್ಯಾಗ ನಾಟಿ ಔಷಧಿ, ಕಷಾಯ, ಬೇರಿನ ಪುಡಿ ಡಾಕ್ಟರಿಗೆ ಹೇಳದೇ ಕೊಡಬ್ಯಾಡ್ರಿ, ಕಿಡ್ನಿ ಲಿವರ್ ಕೆಟ್ರ ಕೀಮೋ ನಿಲ್ಲಿಸ್ಬೇಕಾಗ್ತೈತಿ, ಮತ್ತ ಅದೇ ಗ್ಯಾಪ್.

ಒಂದೇ ಒಂದು ನೆನಪಿಟ್ಕೋರಿ ಅಂದ್ರ ಇದನ್ನ ಇಟ್ಕೋರಿ: ಕೀಮೋ ನಡೆದಾಗ ಜ್ವರ 100.4 ಡಿಗ್ರಿ ದಾಟಿದ್ರ ಅದು ಎಮರ್ಜೆನ್ಸಿ. ಬಿಳಿ ರಕ್ತಕಣ ಕಡಿಮಿ ಆಗಿರ್ತಾವ, ಮೈಗೆ ಸೋಂಕಿನ ಸಂಗಾಟ ಹೋರಾಡೋ ಶಕ್ತಿ ಇರಂಗಿಲ್ಲ. ಕ್ರೋಸಿನ್ ಕೊಟ್ಟು ಬೆಳಗಾಗಲಿ ಅಂತ ಕಾಯಬ್ಯಾಡ್ರಿ, ರಾತ್ರಿ ಎಷ್ಟು ಹೊತ್ತಾಗಿದ್ರೂ ಹೋಗ್ರಿ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋದ್ರೂ ಮೊದಲ ಮಾತು "ಕೀಮೋ ನಡದೈತಿ" ಅಂತಿರಲಿ.

ಪೈಪಿನ್ಯಾಗ ಊಟ

ಮೂಗಿಂದ ಹೊಟ್ಟಿ ತನಕ ಹೋಗೋ ಸಣ್ಣ ಪೈಪಿಗೆ ರೈಲ್ಸ್ ಟ್ಯೂಬ್ ಅಂತಾರ. ಆಪರೇಷನ್ ಆದ ಮ್ಯಾಲ ಬಾಯಾಗಿನ ಹೊಲಿಗಿ ಮಾಯೋ ತನಕ ಹಾಕ್ತಾರ, ರೇಡಿಯೇಷನ್ನಿನ್ಯಾಗ ನುಂಗಾಕ ಆಗಲಿಲ್ಲ ಅಂದ್ರ ಮತ್ತ ಹಾಕ್ತಾರ. ಪೈಪ್ ಹಾಕಿದ್ರ ಕೊನಿಗಾಲ ಬಂತು ಅಂತ ಅಳೋರು ಅದಾರ. ಹಂಗೇನಿಲ್ಲ, ಹೊಟ್ಟಿಗೆ ಅನ್ನ ಹೋಗೋ ಇನ್ನೊಂದು ದಾರಿ ಅಷ್ಟೇ, ಬಹಳ ಮಂದಿಗೆ ಆಮ್ಯಾಲ ತೆಗೀತಾರ.

ಹಾಕೋ ರೀತಿ ನರ್ಸ್ ಮನಿಯವರ ಕೈಲೇ ಮಾಡಿಸಿ ಕಲಿಸ್ತಾರ, ಮನಿಯಿಂದ ಇಬ್ಬರು ಕಲೀರಿ, ಅವ್ವ ಒಬ್ಬಾಕಿನೇ ಕಲ್ತರ ಆಕಿಗೆ ಜ್ವರ ಬಂದ ದಿನ ಎಲ್ಲಾ ನಿಲ್ತೈತಿ. ಮೊದಲು ಅಪ್ಪನ್ನ ಎಬ್ಬಿಸಿ ಕುಂದರಸ್ರಿ, ಮಲಗಿಸಿ ಹಾಕಲೇಬಾರದು, ಹಾಕಿದ ಮ್ಯಾಲೂ ಅರ್ಧ ಮುಕ್ಕಾಲು ತಾಸು ಕುಂತೇ ಇರಬೇಕು. ಮೂಗಿನ ಹತ್ರ ಪೈಪಿನ ಮ್ಯಾಲ ಗುರುತು ಇರ್ತೈತಿ, ಅದು ಅಲ್ಲೇ ಐತಾ ನೋಡ್ರಿ, ಜರದು ಹೊರಗ ಬಂದಿದ್ರ ಏನೂ ಹಾಕಬ್ಯಾಡ್ರಿ, ನೀವೇ ಒಳಗ ನೂಕಾಕೂ ಹೋಗಬ್ಯಾಡ್ರಿ, ಆಸ್ಪತ್ರೆಗೆ ಹೋಗ್ರಿ. ದೊಡ್ಡ ಸಿರಿಂಜಿನ ಹಿಂದಿನ ದಂಡಿ ತೆಗೆದು ಪೈಪಿಗೆ ಜೋಡಿಸಿ, ಮೊದಲು ಸ್ವಲ್ಪ ನೀರು, ಆಮ್ಯಾಲ ಉಗುರುಬೆಚ್ಚನ ಗಂಜಿ, ಕೊನಿಗೆ ಮತ್ತ ನೀರು. ಸಿರಿಂಜ್ ಮ್ಯಾಲ ಹಿಡಿದ್ರ ತಾನೇ ಇಳೀತೈತಿ, ಒತ್ತಬಾರದು. ಒಂದು ಸಲಕ್ಕ 200ರಿಂದ 250 ಎಂಎಲ್, ಎರಡು ಮೂರು ತಾಸಿಗೊಮ್ಮೆ. ನಡುವ ಕೆಮ್ಮು ಬಂದ್ರ, ಉಸಿರು ಸಿಗದಂಗ ಆದ್ರ ಅಲ್ಲಿಗೇ ನಿಲ್ಲಸ್ರಿ.

ಅವ್ವ ಗಂಜಿನ ಒಗೆದು ಕುದಿಸಿ ಇಟ್ಟ ಧೋತರದ ತುಂಡಿನ್ಯಾಗ ಹಿಂಡಿ ಹಿಂಡಿ ಸೋಸ್ತಿದ್ಲು. ಮಿಕ್ಸಿ ಹಾಕಿದ್ರೂ ಸಣ್ಣ ತರಿ ಉಳೀತಾವ, ಒಂದು ತರಿ ಸಿಕ್ರ ಪೈಪ್ ಕಟ್ಟತೈತಿ, ಪೈಪ್ ಕಟ್ಟಿದ್ರ ಮತ್ತ ಬಸ್ಸು ಮತ್ತ ಆಸ್ಪತ್ರಿ. ಗುಳಿಗಿನೂ ನುಣ್ಣಗ ಪುಡಿ ಮಾಡಿ ನೀರಿನ್ಯಾಗ ಕರಗಿಸಿ ಬ್ಯಾರೆ ಹಾಕಬೇಕು, ಮತ್ತ ಎಲ್ಲಾ ಗುಳಿಗಿ ಪುಡಿ ಮಾಡಾಕ ಬರಂಗಿಲ್ಲ, ಒಮ್ಮೆ ಕೇಳ್ರಿ.

ಬರೀ ಗಂಜಿ ತಿಳಿ ಹಾಕಿದ್ರ ಹೊಟ್ಟಿ ತುಂಬತೈತಿ, ಮೈಗೆ ಏನೂ ಸಿಗಂಗಿಲ್ಲ. ಗಾಯ ಮಾಯಾಕ ಪ್ರೋಟೀನ್ ಬೇಕು. ಅರವತ್ತು ಕೆಜಿ ತೂಕದವರಿಗೆ ದಿನಕ್ಕ ಸುಮಾರು 1800 ಕ್ಯಾಲರಿ, 70ರಿಂದ 90 ಗ್ರಾಂ ಪ್ರೋಟೀನ್ ಬೇಕಾಗ್ತೈತಿ, ಒಂದು ಮೊಟ್ಟಿಯಾಗ 6 ಗ್ರಾಂ ಸಿಗತೈತಿ ಅಂದ್ರ ಲೆಕ್ಕ ಹಾಕ್ರಿ. ಹೆಸರುಬ್ಯಾಳಿ ನುಣ್ಣಗ ಬೇಯಿಸಿ ಸೋಸಿದ್ದು, ಹಾಲು, ಮಜ್ಜಿಗಿ, ಮೊಟ್ಟಿ ಪೂರ್ತಿ ಬೇಯಿಸಿ ಹಾಲಿನ್ಯಾಗ ಮಿಕ್ಸಿ ಮಾಡಿದ್ದು, ಶೇಂಗಾ ಹುರಿದು ನುಣ್ಣಗ ಅರೆದು ಸೋಸಿದ್ದು, ಜ್ವಾಳದ ಹಿಟ್ಟಿನ ಅಂಬಲಿ, ಮ್ಯಾಲ ಒಂದು ಚಮಚ ಎಣ್ಣಿ ಇಲ್ಲಾ ತುಪ್ಪ. ಶುಗರ್ ಇದ್ದೋರಿಗೆ, ಕಿಡ್ನಿ ತೊಂದ್ರಿ ಇದ್ದೋರಿಗೆ ಲೆಕ್ಕ ಬ್ಯಾರೆ, ಆಸ್ಪತ್ರೆ ಡಯಟಿಷಿಯನ್ ಕೇಳ್ರಿ. ವಾರಕ್ಕೊಮ್ಮೆ ಒಂದೇ ತಕ್ಕಡಿಯಾಗ ತೂಕ ಮಾಡಿ ಬರ್ದಿಡ್ರಿ, ಅರವತ್ತು ಕೆಜಿ ಇದ್ದೋರು ಒಂದು ತಿಂಗಳಾಗ ಮೂರು ಕೆಜಿ ಇಳಿದ್ರ ಮುಂದಿನ ಅಪಾಯಿಂಟ್‌ಮೆಂಟ್ ಕಾಯದೇ ಹೇಳ್ರಿ.

ಮತ್ತ ಮನ್ಯಾಗ ಉಳಿದೋರು ಏನು ಮಾಡ್ಬೇಕು ಅನ್ನೋದೂ ಐತಿ. ಮುಂಜಾನೆ ವಗ್ಗಾಣಿ ಮಿರ್ಚಿ ವಾಸನಿ ಮನಿ ತುಂಬಾ, ಅಪ್ಪಗ ಪೈಪು. ಕದ ಹಾಕ್ಕೊಂಡು ಕದ್ದು ತಿಂದ್ರೂ ಅವರಿಗೆ ಗೊತ್ತಾಗ್ತೈತಿ, ಎದುರಿಗೆ ಕುಂತು ತಿಂದ್ರೂ ಸಂಕಟ. ನಮ್ಮಪ್ಪನೇ ಒಂದಿನ "ಇಲ್ಲೇ ತಿನ್ರೋ, ವಾಸನೀನಾದ್ರೂ ಬರ್ಲಿ" ಅಂದ. ನಿಮ್ಮ ಮನ್ಯಾಗ ಹೆಂಗ ಅಂತ ಅವರನ್ನೇ ಕೇಳ್ರಿ.

ರೊಕ್ಕ, ಕಾರ್ಡು, ರೈಲು

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ಐತಿ. ಬಿಪಿಎಲ್ ಕಾರ್ಡ್ ಇದ್ದೋರಿಗೆ ಒಂದು ಕುಟುಂಬಕ್ಕ ವರ್ಷಕ್ಕ 5 ಲಕ್ಷದ ತನಕ, ಎಪಿಎಲ್‌ನೋರಿಗೆ ಪ್ಯಾಕೇಜ್ ಖರ್ಚಿನ ನೂರಕ್ಕ 30, ವರ್ಷಕ್ಕ 1.5 ಲಕ್ಷದ ತನಕ. ಕ್ಯಾನ್ಸರ್ ಆಪರೇಷನ್, ರೇಡಿಯೇಷನ್, ಕೀಮೋ ಇದ್ರಾಗ ಬರ್ತಾವ. ಖಾಸಗಿ ಆಸ್ಪತ್ರೆಗೆ ಹೋಗೋದಿದ್ರ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಬೇಕು, ಇದನ್ನ ತಿಳೀದೇ ನೇರ ಹೋಗಿ ಅಡ್ಮಿಟ್ ಆದ್ರ ಆಮ್ಯಾಲ ತೊಂದ್ರಿ. ಆಸ್ಪತ್ರೆಯಾಗ ಆರೋಗ್ಯಮಿತ್ರ ಅಂತ ಒಬ್ಬರು ಕುಂತಿರ್ತಾರ, ಮೊದಲು ಅವರನ್ನ ಹುಡುಕ್ರಿ. ಊರಿಂದ ಹೊರಡೋಕಿಂತ ಮೊದಲು ಕೇಳೋದಿದ್ರ 104 ಆರೋಗ್ಯ ಸಹಾಯವಾಣಿ ಐತಿ.

ರೇಷನ್ ಕಾರ್ಡಿನ್ಯಾಗ ಒಂದು ಹೆಸರು, ಆಧಾರಿನ್ಯಾಗ ಇನ್ನೊಂದು ಇದ್ರ ಅಲ್ಲೇ ಸಿಕ್ಕಿಬೀಳ್ತೀರಿ. ಬಯಾಪ್ಸಿ ರಿಪೋರ್ಟ್ ಕಾಯೋ ದಿನದಾಗ ಇದನ್ನ ಸರಿ ಮಾಡ್ಕೋರಿ ಅಂದಿದ್ದು ಇದಕ್ಕ.

ಎಲ್ಲಿಗೆ ಹೋಗೋದು ಅನ್ನೋದು ಇನ್ನೊಂದು ಪ್ರಶ್ನಿ. ಕೊಪ್ಪಳದೋರಿಗೆ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರಿ ಹತ್ರ, ರಾಯಚೂರಿನೋರಿಗೆ ಕಲಬುರಗಿಯ ಕಿದ್ವಾಯಿ ಕೇಂದ್ರ ಇಲ್ಲಾ ಹೈದರಾಬಾದ್, ಬಳ್ಳಾರಿ ಹೊಸಪೇಟಿಯೋರು ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರು ಕಿದ್ವಾಯಿ. ಹೈದರಾಬಾದಿಗೆ ಹೋಗೋರು ನಮ್ಮ ರಾಜ್ಯದ ಕಾರ್ಡ್ ಆ ಆಸ್ಪತ್ರೆಯಾಗ ನಡೀತೈತಾ ಅಂತ ಹೊರಡೋಕಿಂತ ಮೊದಲೇ ಕೇಳ್ಕೋರಿ. ಆರಿಸ್ಕೊಳ್ಳೋವಾಗ ಆಪರೇಷನ್ ಎಲ್ಲಿ ಚೊಲೊ ಅನ್ನೋದಷ್ಟೇ ನೋಡಬ್ಯಾಡ್ರಿ, ಆರು ವಾರ ದಿನಾ ರೇಡಿಯೇಷನ್ನಿಗೆ ಎಲ್ಲಿ ಉಳ್ಕೊಂತೀರಿ ಅನ್ನೋದೂ ನೋಡ್ರಿ. ಧರ್ಮಶಾಲಿ ಐತಾ, ರೂಮ್ ಬಾಡಿಗಿ ಎಷ್ಟು, ಅಲ್ಲಿ ಒಲಿ ಹಚ್ಚಾಕ ಬಿಡ್ತಾರಾ, ಗಂಜಿ ಮಾಡ್ಬೇಕಲ್ಲ.

ರೈಲಿನ್ಯಾಗ ಕ್ಯಾನ್ಸರ್ ಪೇಷಂಟಿಗೆ ಟ್ರೀಟ್ಮೆಂಟಿಗೆ, ಚೆಕಪ್ಪಿಗೆ ಹೋಗಿಬರಾಕ ರಿಯಾಯಿತಿ ಐತಿ. ಸ್ಲೀಪರ್ ಮತ್ತ ತ್ರೀ ಟಯರ್ ಎಸಿಯಾಗ ಪೇಷಂಟಿಗೆ ಪೂರ್ತಿ ಮಾಫಿ, ಸಂಗಾಟ ಹೋಗೋ ಒಬ್ಬರಿಗೆ ನೂರಕ್ಕ 75. ಆಸ್ಪತ್ರೆಯೋರು ಫಾರ್ಮ್ ತುಂಬಿ ಸಹಿ ಸಿಕ್ಕಾ ಹಾಕಿಕೊಡ್ತಾರ, ಅದನ್ನ ಸ್ಟೇಷನ್ ಕೌಂಟರಿನ್ಯಾಗ ತೋರಿಸಿ ಟಿಕೆಟ್ ತಗೋಬೇಕು. ಕೇಳಿದ್ರ ಕೊಡ್ತಾರ, ಕೇಳಲಿಲ್ಲ ಅಂದ್ರ ಯಾರೂ ಕರೆದು ಹೇಳಂಗಿಲ್ಲ.

ಅಪ್ಪಗ ಹೇಳೋದಾ ಬ್ಯಾಡಾ

ನಮ್ಮ ಕಡೆ ಬರೀ ಗಡ್ಡಿ ಅಂತ ಹೇಳಿ ಕರ್ಕೊಂಡು ಹೋಗ್ತಾರ. ಕ್ಯಾನ್ಸರ್ ಆಸ್ಪತ್ರೆ ಬೋರ್ಡ್ ಓದಾಕ ಬರದಿದ್ರೂ ಅಕ್ಕಪಕ್ಕ ಕುಂತೋರ ಮುಖ ನೋಡಿದ್ರ ಅವರಿಗೆ ತಿಳೀತೈತಿ. ಮೂವತ್ತು ಸಲ ಮಾಸ್ಕ್ ಬಿಗಿಸ್ಕೊಂಡು ಮಲಗೋ ಮನುಷ್ಯನಿಗೆ ಅದು ಯಾಕ ಅಂತ ಗೊತ್ತಿರಬೇಕು ಅನ್ನೋದು ನನ್ನ ಅಭಿಪ್ರಾಯ, ಗೊತ್ತಿದ್ರ ನಾಲ್ಕನೇ ವಾರ ತಡ್ಕೊಂತಾರ. ಒಮ್ಮೆಲೇ ಎಲ್ಲಾ ಹೇಳಬೇಕಂತಿಲ್ಲ, ಅವರು ಕೇಳಿದಷ್ಟು ಹೇಳ್ರಿ, ಸುಳ್ಳು ಹೇಳಬ್ಯಾಡ್ರಿ. ಡಾಕ್ಟರ್ ಮುಂದ ಅವರಿಗೇ ಕೇಳಾಕ ಬಿಡ್ರಿ.

ಅವ್ವನ ಕಡೆನೂ ಕಣ್ಣಿರಲಿ. ಅಪ್ಪನ ಗುಳಿಗಿ ಟೈಮಿಗೆ ಕೊಟ್ಟು ತನ್ನ ಬಿಪಿ ಗುಳಿಗಿ ಮರೀತಾಳ. ಅಕ್ಕ, ಕಾಕಾ, ಸೊಸಿ, ಯಾರಾದ್ರೂ ಸರದಿ ಹಚ್ಕೋರಿ.

ಮುಗಿದ ಮ್ಯಾಲ

ಕೊನೇ ದಿನದ ರೇಡಿಯೇಷನ್ ಮುಗಿಸಿ ಬಂದ್ರ ಮರುದಿನಾನೇ ಆರಾಮ ಆಗಂಗಿಲ್ಲ, ಒಂದೆರಡು ವಾರ ಇನ್ನೂ ಜಾಸ್ತಿ ಆದಂಗ ಅನಸ್ತೈತಿ, ಆಮ್ಯಾಲ ಇಳೀತೈತಿ. ರುಚಿ ಬರಾಕ ತಿಂಗಳುಗಳು ಬೇಕು. ಜೊಲ್ಲು ಕೆಲವರಿಗೆ ಮೊದಲಿನಷ್ಟು ಬರಂಗೇ ಇಲ್ಲ, ನೀರಿನ ಬಾಟಲಿ ಯಾವಾಗಲೂ ಜೊತಿಗೆ ಇರಬೇಕು, ಖಡಕ್ ರೊಟ್ಟಿ ಬದಲು ಮೆತ್ತನ ರೊಟ್ಟಿ ಬ್ಯಾಳಿಯಾಗ ನೆನಸಿ.

ಬಾಯಿ ತೆರೆಯೋ ವ್ಯಾಯಾಮ ಬಿಟ್ರ ಬಾಯಿ ಮುಚ್ಕೊಂತ ಹೋಗ್ತೈತಿ, ದವಡಿ ಸ್ನಾಯು ಬಿಗೀತಾವ. ಐಸ್‌ಕ್ರೀಮ್ ಕಡ್ಡಿ ತೊಳೆದು ಒಂದರ ಮ್ಯಾಲ ಒಂದು ಇಟ್ಟು ಹಲ್ಲಿನ ನಡುವ ಹಿಡೀಬೇಕು, ಸ್ವಲ್ಪ ಹೊತ್ತು ಬಿಟ್ಟು ಮತ್ತ, ದಿನಾ ನಾಕೈದು ಸಲ. ಕೆಲವು ದಿನಕ್ಕ ಒಂದು ಕಡ್ಡಿ ಸೇರಸ್ತಾ ಹೋಗ್ಬೇಕು. ಎಷ್ಟು ಕಡ್ಡಿ ಅಂತ ಗ್ವಾಡಿ ಮ್ಯಾಲಿನ ಕ್ಯಾಲೆಂಡರಿನ್ಯಾಗ ಬರ್ದಿಟ್ರ ಹಠ ಬರ್ತೈತಿ, ಮೊಮ್ಮಗ ಎಣಸಾಕ ಕುಂತ್ರ ಇನ್ನೂ ಚೊಲೊ.

ಫಾಲೋಅಪ್ ಮೊದಲ ವರ್ಷ ಒಂದರಿಂದ ಮೂರು ತಿಂಗಳಿಗೊಮ್ಮೆ, ಎರಡನೇ ವರ್ಷ ಎರಡರಿಂದ ಆರು ತಿಂಗಳಿಗೊಮ್ಮೆ, ಐದು ವರ್ಷದ ತನಕ ನಾಲ್ಕರಿಂದ ಎಂಟು ತಿಂಗಳಿಗೊಮ್ಮೆ, ಆಮ್ಯಾಲ ವರ್ಷಕ್ಕೊಮ್ಮೆ. ರೋಗ ತಿರುಗಿ ಬಂದ್ರ ಹೆಚ್ಚಾಗಿ ಮೊದಲ ಎರಡು ವರ್ಷದಾಗ ಬರ್ತೈತಿ, ಅದಕ್ಕ ಆ ಎರಡು ವರ್ಷ ಏನೂ ತೊಂದ್ರಿ ಇಲ್ಲ ಅಂದ್ರೂ ಹೋಗಬೇಕು. ಕುತ್ತಿಗಿಗೆ ರೇಡಿಯೇಷನ್ ಆಗಿದ್ರ ಆರು ತಿಂಗಳಿಂದ ಒಂದು ವರ್ಷಕ್ಕೊಮ್ಮೆ ಥೈರಾಯ್ಡ್ ಟೆಸ್ಟ್ ಮಾಡಿಸ್ರಿ. ಸುಮ್ನ ಸುಸ್ತು, ಮೈ ಊದೋದು, ಚಳಿ ತಡೀಲಾರದು ಅಂದ್ರ ವಯಸ್ಸಾತು ಅನ್ಕೊಬ್ಯಾಡ್ರಿ, ಥೈರಾಯ್ಡ್ ಇರಬೋದು, ಅದಕ್ಕ ಗುಳಿಗಿ ಐತಿ.

ತಂಬಾಕು ಅಡಿಕಿ ಎರಡೂ ಪೂರ್ತಿ ಬಂದ್. ಅದೇ ಬಾಯಾಗ ಇನ್ನೊಂದು ಜಾಗದಾಗ ಹೊಸ ಕ್ಯಾನ್ಸರ್ ಬರೋ ಸಾಧ್ಯತಿ ಇದ್ದೇ ಇರ್ತೈತಿ, ಚಟ ಮುಂದುವರೆದ್ರ ಹೆಚ್ಚಾಗ್ತೈತಿ. ಬಿಡಾಕ ಆಗವಲ್ದು ಅಂದ್ರ 1800-11-2356 ರಾಷ್ಟ್ರೀಯ ತಂಬಾಕು ಸಹಾಯವಾಣಿ ಐತಿ, ಫ್ರೀ. ಮನ್ಯಾಗಿನ ಉಳಿದ ಗಂಡಸರೂ ಅವತ್ತೇ ಕನ್ನಡಿ ಮುಂದ ನಿಂತು ಬಾಯಾಗ ಮೂರು ಬೆರಳು ಇಟ್ಟು ನೋಡ್ಕೊಳ್ರಿ.

ಹಲ್ಲು ನೋವು ಬಂದ್ರ ತಾಲ್ಲೂಕಿನ ಹಲ್ಲಿನ ಡಾಕ್ಟರ್ ಕುರ್ಚಿಗೆ ಕೂಡೋಕಿಂತ ಮೊದಲು "ಈ ದವಡಿಗೆ ರೇಡಿಯೇಷನ್ ಆಗೈತಿ" ಅಂತ ಹೇಳ್ರಿ, ಫೈಲಿನ ಜೆರಾಕ್ಸ್ ಒಂದು ಮನ್ಯಾಗ, ಒಂದು ಅಪ್ಪನ ಚೀಲದಾಗ ಇಡ್ರಿ, ಅವರು ಒಬ್ಬರೇ ಹೋದಾಗ ಮರೀಬಾರದಲ್ಲ.